ಮಾಟಗಾತಿಯರೇ ಇಲ್ಲದ ಊರಿನ ಮಾಟಗಾತಿ ಮ್ಯೂಸಿಯಂ

ಸೇಲಂ ಎಂದೊಡನೆ ಕನ್ನಡ ಓದುಗರ ನೆನಪಿಗೆ ಬರುವುದು ನೆರೆಯ ತಮಿಳುನಾಡಿನ ಉಕ್ಕಿನ ಕಾರ್ಖಾನೆ ಮತ್ತು ಮಾವಿನ ಹಣ್ಣು. ಅದೇ ಹೆಸರಿನ ಇನ್ನೊಂದು ಊರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದೆ. ಬಾಸ್ಟನ್ ನಗರದಿಂದ ಈಶಾನ್ಯಕ್ಕೆ ಸುಮಾರು 25 ಕಿಲೋಮೀಟರ್ ದೂರದ ಈ ಸಮುದ್ರತೀರದ ಪಟ್ಟಣಕ್ಕೆ ಹೀಬ್ರೂ ಭಾಷೆಯ 'ಶಾಂತಿ' ಎಂಬರ್ಥದ ಪದವನ್ನು ಹೆಸರಾಗಿ ಇಡಲಾಯಿತು. ಆದರೆ ಜಗತ್ತು ಈ ಊರನ್ನು ನೆನೆಯುವುದು ಅಶಾಂತಿಯ ಒಂದು ವರ್ಷದ ಕಾರಣಕ್ಕೆ. 1692ರಲ್ಲಿ ಇಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಒಬ್ಬ ವೃದ್ಧನನ್ನು ಕಲ್ಲು ಹೇರಿ ಕೊಲ್ಲಲಾಯಿತು. ಕನಿಷ್ಠ ಐವರು ಸೆರೆಮನೆಯಲ್ಲೇ ಪ್ರಾಣ ಬಿಟ್ಟರು.

ಈ ಘಟನೆ ನಡೆದು ಮೂರು ಶತಮಾನಗಳಿಗೂ ಹೆಚ್ಚು ಕಾಲ ಸಂದಿದೆ. ಇಂದು ಆ ಊರಿಗೆ ಶಾಲಾ ಬಸ್ಸುಗಳು ಬಂದು ನಿಲ್ಲುತ್ತವೆ. ಇತಿಹಾಸ ಪಾಠದ ಅಂಗವಾಗಿ ಮಕ್ಕಳು ಅಲ್ಲಿನ ವಸ್ತುಸಂಗ್ರಹಾಲಯಗಳನ್ನು ನೋಡುತ್ತಾರೆ. ಮಾಟಗಾತಿಯನ್ನು ಕಾಣುವ ಕುತೂಹಲದಿಂದ ಬಸ್ಸಿನಿಂದಿಳಿಯುವ ಮಗುವಿಗೆ, ಅಲ್ಲಿ ಮಾಟಗಾತಿಯರು ಯಾರೂ ಇರಲಿಲ್ಲ, ಕೊಲ್ಲಲ್ಪಟ್ಟವರೆಲ್ಲರೂ ನಿರಪರಾಧಿಗಳು ಎಂದು ಮನವರಿಕೆ ಮಾಡಿಕೊಡುವುದೇ ಈ ಭೇಟಿಯ ಗುರಿ. ಅದು ಅಷ್ಟು ಸುಲಭದ ಕೆಲಸವಲ್ಲ. ಏಕೆಂದರೆ ಊರಿನ ಅಂಗಡಿಗಳ ತುಂಬ ಚೂಪು ಟೋಪಿ, ಕಸಬರಿಕೆ, ಕಪ್ಪು ಬೆಕ್ಕಿನ ಗೊಂಬೆಗಳೇ ಮಾರಾಟಕ್ಕಿವೆ.

ಕತ್ತಲೆಯ ಸಭಾಂಗಣ, ಹದಿಮೂರು ದೃಶ್ಯ

ಸೇಲಂ ವಿಚ್ ಮ್ಯೂಸಿಯಂ ಆರಂಭವಾದದ್ದು 1972ರಲ್ಲಿ. ಹತ್ತೊಂಬತ್ತನೆಯ ಶತಮಾನದ ಹಳೆಯ ಚರ್ಚ್ ಕಟ್ಟಡವೊಂದು ಅದರ ನೆಲೆ. ಎದುರಿಗೆ ಉದ್ದನೆಯ ನಿಲುವಂಗಿ, ಅಗಲ ಅಂಚಿನ ಟೋಪಿ ತೊಟ್ಟ ಎತ್ತರದ ಕಂಚಿನ ಪ್ರತಿಮೆಯಿದೆ. ಬಂದವರಲ್ಲಿ ಅನೇಕರು ಅದನ್ನು ಮಾಟಗಾರನ ಪ್ರತಿಮೆಯೆಂದೇ ಭಾವಿಸಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಅದು 1626ರಲ್ಲಿ ಈ ಊರನ್ನು ಸ್ಥಾಪಿಸಿದ ರೋಜರ್ ಕೊನಾಂಟ್ ಎಂಬಾತನದು. ಮಾಟದ ಆರೋಪಗಳಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ. ಉಡುಪು ನೋಡಿ ಒಬ್ಬ ಮನುಷ್ಯನನ್ನು ಮಾಟಗಾರನೆಂದು ತೀರ್ಮಾನಿಸಿಬಿಡುವುದು ಎಷ್ಟು ಸುಲಭ ಎಂಬುದು ಮಕ್ಕಳಿಗೆ ಬಾಗಿಲ ಬಳಿಯೇ ತಿಳಿದುಬಿಡುತ್ತದೆ.

ಒಳಗೆ ಮಕ್ಕಳು ಕತ್ತಲೆಯ ದೊಡ್ಡ ಸಭಾಂಗಣದ ನಡುವೆ ಕುಳಿತುಕೊಳ್ಳುತ್ತಾರೆ. ಸುತ್ತಲೂ ಆಳೆತ್ತರದ ಬೊಂಬೆಗಳುಳ್ಳ 13 ದೃಶ್ಯಗಳು ಒಂದೊಂದಾಗಿ ಬೆಳಗುತ್ತವೆ. ಧ್ವನಿಮುದ್ರಿತ ನಿರೂಪಣೆ 1692ರ ಕಥೆಯನ್ನು ಹೇಳುತ್ತ ಸಾಗುತ್ತದೆ. ಮಕ್ಕಳನ್ನು ಹೆಚ್ಚು ತಟ್ಟುವುದು ಒಂದು ಲೆಕ್ಕ. ಆರೋಪ ಮಾಡಿದವರ ವಯಸ್ಸು ಮತ್ತು ಕುಳಿತು ನೋಡುತ್ತಿರುವವರ ವಯಸ್ಸು ಹೆಚ್ಚು ಕಡಿಮೆ ಒಂದೇ. ಮೊದಲು ನರಳತೊಡಗಿದ ಬೆಟ್ಟಿ ಪ್ಯಾರಿಸ್‌ಗೆ 9 ವರ್ಷ. ಅವಳೊಡನೆ ಅದೇ ಮನೆಯಲ್ಲಿದ್ದ ಅಬಿಗೇಲ್ ವಿಲಿಯಮ್ಸ್‌ಗೆ 11ರ ಆಸುಪಾಸು. ಅತಿ ಹೆಚ್ಚು ಜನರ ಮೇಲೆ ದೂರಿತ್ತವರಲ್ಲಿ ಒಬ್ಬಳಾದ ಆ್ಯನ್ ಪಟ್ನಮ್‌ಗೆ 12. ಆರೋಪಿಗಳಲ್ಲಿಯೂ ಮಕ್ಕಳಿದ್ದರು. ಡೊರೊಥಿ ಗುಡ್ ಎಂಬ ಬಾಲೆಗೆ ಆಗ ನಾಲ್ಕೋ ಐದೋ ವರ್ಷ. ಅವಳನ್ನೂ ಬಂಧಿಸಿ ತಿಂಗಳುಗಟ್ಟಲೆ ಸಂಕೋಲೆಯಲ್ಲಿಡಲಾಯಿತು.

ಪಾದ್ರಿಯ ಮನೆಯಲ್ಲಿ ಹೊತ್ತಿದ ಕಿಡಿ

ಘಟನೆಗಳು ಆರಂಭವಾದದ್ದು ಇಂದಿನ ಸೇಲಂ ನಗರದಲ್ಲಲ್ಲ. ಅಂದು 'ಸೇಲಂ ಗ್ರಾಮ' ಎಂದು ಕರೆಯಲ್ಪಡುತ್ತಿದ್ದ, ಇಂದು ಡ್ಯಾನ್ವರ್ಸ್ ಎಂಬ ಹೆಸರಿನ ಪಕ್ಕದ ಊರಿನಲ್ಲಿ. ಅಲ್ಲಿನ ಪಾದ್ರಿ ಸ್ಯಾಮುಯೆಲ್ ಪ್ಯಾರಿಸ್. 1692ರ ಜನವರಿಯಲ್ಲಿ ಆತನ ಮಗಳು ಬೆಟ್ಟಿ ಹಾಗೂ ಬಂಧು ಅಬಿಗೇಲ್ ಇದ್ದಕ್ಕಿದ್ದಂತೆ ಕಿರುಚುವುದು, ಮೈ ತಿರುಚಿಕೊಳ್ಳುವುದು, ಯಾರೋ ಚಿವುಟಿದರು, ಕಚ್ಚಿದರು ಎನ್ನುವುದು ಮೊದಲಾಯಿತು. ಪ್ರಾರ್ಥನೆ, ಉಪವಾಸಗಳು ಫಲ ನೀಡಲಿಲ್ಲ. ಮಕ್ಕಳನ್ನು ಪರೀಕ್ಷಿಸಿದ ವೈದ್ಯ, ಇದು ದೇಹದ ರೋಗವಲ್ಲ, ದುಷ್ಟಶಕ್ತಿಯ ಕೈವಾಡ ಎಂದು ಹೇಳಿಬಿಟ್ಟ.

ಕೈವಾಡವೆಂದ ಮೇಲೆ ಆ ಕೈ ಯಾರದು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಹಿರಿಯರು ಮಕ್ಕಳನ್ನು ಮತ್ತೆ ಮತ್ತೆ ಅದನ್ನೇ ಕೇಳಿದರು. ಫೆಬ್ರವರಿ ಕೊನೆಯ ಹೊತ್ತಿಗೆ ಮೂರು ಹೆಸರುಗಳು ಹೊರಬಿದ್ದವು. ಮೊದಲನೆಯವಳು ಪಾದ್ರಿಯ ಮನೆಯಲ್ಲಿ ಗುಲಾಮಳಾಗಿದ್ದ ಟಿಟುಬಾ. ಎರಡನೆಯವಳು ಮನೆಮನೆಗೆ ಹೋಗಿ ಬೇಡಿ ಬದುಕುತ್ತಿದ್ದ ಸಾರಾ ಗುಡ್. ಮೂರನೆಯವಳು ಕಾಯಿಲೆಯಿಂದ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ್ದ, ಆಸ್ತಿ ವ್ಯಾಜ್ಯದಲ್ಲಿ ಸಿಲುಕಿದ್ದ ಸಾರಾ ಆಸ್ಬರ್ನ್. ಒಬ್ಬಳು ಗುಲಾಮಳು, ಒಬ್ಬಳು ಭಿಕ್ಷುಕಿ, ಒಬ್ಬಳು ರೋಗಿ. ಊರಿನಲ್ಲಿ ಇವರ ಪರವಾಗಿ ನಿಲ್ಲುವವರು ಯಾರೂ ಇರಲಿಲ್ಲ ಎಂಬುದೇ ಮೂವರಿಗೂ ಸಮಾನವಾದ ಅಂಶ.

ಮಾರ್ಚ್ 1ರಂದು ವಿಚಾರಣೆ ಆರಂಭವಾಯಿತು. ಇಬ್ಬರು ಸಾರಾಗಳೂ ಆರೋಪವನ್ನು ನಿರಾಕರಿಸಿದರು. ಟಿಟುಬಾ ಒಪ್ಪಿಕೊಂಡಳು. ಸೈತಾನನ ಪುಸ್ತಕದಲ್ಲಿ ತಾನು ಗುರುತು ಹಾಕಿದ್ದಾಗಿಯೂ, ಅದರಲ್ಲಿ ಇನ್ನೂ ಒಂಬತ್ತು ಗುರುತುಗಳಿದ್ದುದಾಗಿಯೂ ಹೇಳಿದಳು. ಯಜಮಾನನ ಅಂಕೆಯಲ್ಲಿದ್ದ ಗುಲಾಮ ಹೆಂಗಸಿನ ಬಾಯಿಂದ ಈ ಮಾತು ಹೇಗೆ ಹೊರಟಿತು ಎಂದು ನ್ಯಾಯಾಧೀಶರು ಯೋಚಿಸಲಿಲ್ಲ. ಉಳಿದ ಒಂಬತ್ತು ಮಂದಿ ಯಾರು ಎಂಬುದಷ್ಟೇ ಊರಿಗೆ ಬೇಕಾಗಿತ್ತು. ಶೋಧ ಅಲ್ಲಿಂದ ಹಬ್ಬಿತು. ಮುಂದಿನ ತಿಂಗಳುಗಳಲ್ಲಿ ಸುತ್ತಲಿನ ಊರುಗಳು ಸೇರಿ 150ಕ್ಕೂ ಹೆಚ್ಚು ಮಂದಿ ಆರೋಪಕ್ಕೆ ಗುರಿಯಾದರು.

ಕಾಣದ್ದಕ್ಕೆ ಸಾಕ್ಷಿ

ರಾಜ್ಯಪಾಲ ವಿಲಿಯಂ ಫಿಪ್ಸ್ ಮೇ ತಿಂಗಳ ಕೊನೆಯಲ್ಲಿ ವಿಶೇಷ ನ್ಯಾಯಾಲಯವೊಂದನ್ನು ರಚಿಸಿದ. ವಿಲಿಯಂ ಸ್ಟೌಟನ್ ಮುಖ್ಯ ನ್ಯಾಯಾಧೀಶನಾದ. ಇಂಗ್ಲೆಂಡಿನ ಕಾನೂನಿನಂತೆಯೇ ಈ ವಸಾಹತಿನಲ್ಲೂ ಮಾಟ ಮರಣದಂಡನೆಗೆ ಅರ್ಹವಾದ ಅಪರಾಧವಾಗಿತ್ತು.

ಈ ವಿಚಾರಣೆಗಳ ನಿರ್ಣಾಯಕ ದೋಷವೆಂದರೆ 'ಛಾಯಾ ಸಾಕ್ಷ್ಯ'. ಆರೋಪಿಯ ದೇಹ ತನ್ನ ಮನೆಯಲ್ಲಿ ಮಲಗಿದ್ದರೂ ಅವಳ ಛಾಯೆ ಬಂದು ತನ್ನನ್ನು ಹಿಂಸಿಸಿತು ಎಂದು ದೂರುದಾರಳು ಹೇಳಿದರೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗುತ್ತಿತ್ತು. ಛಾಯೆ ಕಾಣುವುದು ದೂರುದಾರಳಿಗೆ ಮಾತ್ರ. ಆ ಹೊತ್ತಿನಲ್ಲಿ ತಾನು ಬೇರೆಡೆ ಇದ್ದೆ ಎಂದು ಆರೋಪಿ ಸಾಬೀತುಪಡಿಸಿದರೂ ಪ್ರಯೋಜನವಿಲ್ಲ. ಹೀಗೆ, ಸುಳ್ಳೆಂದು ತೋರಿಸಲು ಯಾವ ದಾರಿಯೂ ಇಲ್ಲದ ಆರೋಪವೇ ನ್ಯಾಯಾಲಯದಲ್ಲಿ ಅತ್ಯಂತ ಬಲವಾದ ಆರೋಪವಾಯಿತು.

ರೆಬೆಕಾ ನರ್ಸ್ ಪ್ರಕರಣ ಇದಕ್ಕೆ ನಿದರ್ಶನ. 71 ವರ್ಷದ ಈ ವೃದ್ಧೆ ದೈವಭಕ್ತೆಯೆಂದು ಹೆಸರಾಗಿದ್ದವಳು. ನೆರೆಹೊರೆಯ 39 ಮಂದಿ ಜೀವದ ಹಂಗು ತೊರೆದು ಅವಳ ಪರವಾದ ಮನವಿಗೆ ಸಹಿ ಹಾಕಿದರು. ಪಂಚರೂ ಆಕೆ ನಿರ್ದೋಷಿಯೆಂದೇ ತೀರ್ಪಿತ್ತರು. ದೂರುದಾರ ಹುಡುಗಿಯರು ಕಿರುಚಾಡಿದರು. ಆಕೆ ಆಡಿದ್ದ ಒಂದು ಮಾತಿನತ್ತ ಮುಖ್ಯ ನ್ಯಾಯಾಧೀಶ ಪಂಚರ ಗಮನ ಸೆಳೆದ. ಆ ಮಾತಿನ ಅರ್ಥವೇನೆಂದು ಕೇಳಿದಾಗ, ಕಿವಿ ಮಂದವಾಗಿದ್ದ ವೃದ್ಧೆ ಉತ್ತರಿಸಲಿಲ್ಲ. ಮೌನವನ್ನೇ ಒಪ್ಪಿಗೆಯೆಂದು ಬಗೆದು ತೀರ್ಪನ್ನು ಬದಲಿಸಲಾಯಿತು. ಜುಲೈ 19ರಂದು ಅವಳನ್ನು ಗಲ್ಲಿಗೇರಿಸಲಾಯಿತು.

ಆಕೆಯ ತಂಗಿ ಮೇರಿ ಈಸ್ಟಿಯೂ ಸೆಪ್ಟೆಂಬರ್‌ನಲ್ಲಿ ಅದೇ ದಾರಿ ಹಿಡಿದಳು. ಸಾಯುವ ಮುನ್ನ ಅವಳು ಅಧಿಕಾರಿಗಳಿಗೆ ಬರೆಸಿ ಸಲ್ಲಿಸಿದ ಅರ್ಜಿ ಇಂದಿಗೂ ಉಳಿದಿದೆ. ತನ್ನ ಪ್ರಾಣಭಿಕ್ಷೆಗಾಗಿ ಕೇಳುತ್ತಿಲ್ಲ, ತಾನು ಸಾಯಲೇಬೇಕೆಂದು ತಿಳಿದಿದೆ, ಇನ್ನು ಮುಂದಾದರೂ ನಿರಪರಾಧಿಗಳ ರಕ್ತ ಹರಿಯದಂತೆ ನೋಡಿಕೊಳ್ಳಿ ಎಂಬುದು ಅದರ ಸಾರ.

ಒಪ್ಪಿಕೊಂಡವರು ಉಳಿದರು

ಶಾಲಾಮಕ್ಕಳಿಗೆ ಅರ್ಥವಾಗಲು ಕಷ್ಟವೆನಿಸುವ ಸಂಗತಿಯೊಂದಿದೆ. ತಾನು ಮಾಟಗಾತಿಯೆಂದು ಒಪ್ಪಿಕೊಂಡು ಅದೇ ಮಾತಿಗೆ ಅಂಟಿಕೊಂಡವರಲ್ಲಿ ಯಾರನ್ನೂ ಗಲ್ಲಿಗೇರಿಸಲಿಲ್ಲ. ಗಲ್ಲಿಗೇರಿದವರು ಸುಳ್ಳು ಹೇಳಲು ನಿರಾಕರಿಸಿದವರು. ಒಪ್ಪಿಕೊಂಡವರನ್ನು ಇನ್ನಷ್ಟು ಹೆಸರುಗಳನ್ನು ಹೇಳಿಸಲು ಉಳಿಸಿಕೊಳ್ಳಲಾಗುತ್ತಿತ್ತು. ಒಂದು ಸುಳ್ಳು ಹೇಳಿದರೆ ಜೀವ, ಸತ್ಯಕ್ಕೆ ನಿಂತರೆ ಕುಣಿಕೆ ಎಂಬ ಸ್ಥಿತಿಯಲ್ಲಿ ಸುಮಾರು ಐವತ್ತು ಮಂದಿ ಒಪ್ಪಿಕೊಂಡರು. ಆ ಒಪ್ಪಿಗೆಗಳೇ ಮಾಟದ ಪಿತೂರಿಗೆ ಹೊಸ ಪುರಾವೆಗಳಾದವು.

ಗೈಲ್ಸ್ ಕೋರಿ ಎಂಬ 80 ದಾಟಿದ ರೈತ ಮೂರನೆಯ ದಾರಿ ಹಿಡಿದ. ತಪ್ಪು ಮಾಡಿದ್ದೇನೆಂದಾಗಲಿ, ಇಲ್ಲವೆಂದಾಗಲಿ ಹೇಳದೆ ವಿಚಾರಣೆಗೇ ಒಪ್ಪಲಿಲ್ಲ. ಬಾಯಿ ಬಿಡಿಸಲು ಅವನನ್ನು ಮಲಗಿಸಿ ಮೈಮೇಲೆ ಕಲ್ಲುಗಳನ್ನು ಹೇರಲಾಯಿತು. ಸೆಪ್ಟೆಂಬರ್ 19ರಂದು ಅವನು ಸತ್ತ. ಮೂರು ದಿನಗಳ ಬಳಿಕ ಅವನ ಪತ್ನಿ ಮಾರ್ತಾಳೂ ಸೇರಿದಂತೆ ಎಂಟು ಮಂದಿಯನ್ನು ಒಂದೇ ದಿನ ಗಲ್ಲಿಗೇರಿಸಲಾಯಿತು. ಅದೇ ಕೊನೆಯ ಗಲ್ಲು.

ಅಷ್ಟರಲ್ಲಿ ಆರೋಪಗಳು ಗಣ್ಯರ ಮನೆಬಾಗಿಲನ್ನೂ ತಟ್ಟಿದ್ದವು. ರಾಜ್ಯಪಾಲನ ಪತ್ನಿಯ ಹೆಸರೂ ಕೇಳಿಬರತೊಡಗಿತ್ತು. ಛಾಯಾ ಸಾಕ್ಷ್ಯವನ್ನು ನಂಬಿ ಒಬ್ಬ ನಿರಪರಾಧಿಯನ್ನು ಕೊಲ್ಲುವುದಕ್ಕಿಂತ ಹತ್ತು ಮಂದಿ ಶಂಕಿತರು ಪಾರಾಗುವುದೇ ಲೇಸು ಎಂದು ಪ್ರಭಾವಿ ಪಾದ್ರಿ ಇಂಕ್ರೀಸ್ ಮೇಥರ್ ವಾದಿಸಿದ. ಅಕ್ಟೋಬರ್‌ನಲ್ಲಿ ಫಿಪ್ಸ್ ಆ ನ್ಯಾಯಾಲಯವನ್ನು ವಿಸರ್ಜಿಸಿದ. 1693ರಲ್ಲಿ ಹೊಸ ನ್ಯಾಯಾಲಯ ಛಾಯಾ ಸಾಕ್ಷ್ಯವನ್ನು ಬದಿಗಿಟ್ಟು ವಿಚಾರಣೆ ನಡೆಸಿದಾಗ ಬಹುತೇಕ ಎಲ್ಲರೂ ಖುಲಾಸೆಗೊಂಡರು. ಖುಲಾಸೆಯಾದವರೂ ಒಡನೆಯೇ ಮನೆಗೆ ಹೋಗುವಂತಿರಲಿಲ್ಲ. ಸೆರೆಮನೆಯಲ್ಲಿ ತಿಂದ ಅನ್ನಕ್ಕೆ, ತೊಟ್ಟ ಸಂಕೋಲೆಗೆ ಅವರೇ ಹಣ ತೆರಬೇಕಾಗಿತ್ತು.

ಹೀಗೇಕಾಯಿತು?

ಒಂದು ಊರಿಗೆ ಊರೇ ಹೀಗೆ ಮತಿಗೆಟ್ಟದ್ದೇಕೆ ಎಂಬ ಪ್ರಶ್ನೆಗೆ ಇತಿಹಾಸಕಾರರು ಹಲವು ಉತ್ತರ ನೀಡಿದ್ದಾರೆ. 1974ರಲ್ಲಿ ಪಾಲ್ ಬೋಯರ್ ಹಾಗೂ ಸ್ಟೀಫನ್ ನಿಸೆನ್‌ಬಾಮ್ ಗ್ರಾಮದ ಒಳಜಗಳಗಳತ್ತ ಬೊಟ್ಟು ಮಾಡಿದರು. ಕೃಷಿಯನ್ನೇ ನಂಬಿದ್ದ ಪಟ್ನಮ್ ಮನೆತನದ ಬಣಕ್ಕೂ, ಬಂದರಿನ ವ್ಯಾಪಾರದೊಡನೆ ನಂಟಿದ್ದ ಬಣಕ್ಕೂ ವೈಮನಸ್ಯವಿತ್ತು. ಪಾದ್ರಿ ಪ್ಯಾರಿಸ್‌ನ ಸಂಬಳ, ಸೌದೆಯ ವಿಚಾರದಲ್ಲೂ ಗ್ರಾಮ ಇಬ್ಭಾಗವಾಗಿತ್ತು. 2002ರಲ್ಲಿ ಮೇರಿ ಬೆತ್ ನಾರ್ಟನ್ ಯುದ್ಧಭೀತಿಯತ್ತ ಗಮನ ಸೆಳೆದರು. ಉತ್ತರದ ಗಡಿಯಲ್ಲಿ ಫ್ರೆಂಚರು ಮತ್ತು ಅವರ ಮಿತ್ರರಾದ ಮೂಲನಿವಾಸಿಗಳೊಡನೆ ನಡೆಯುತ್ತಿದ್ದ ಕದನದಲ್ಲಿ ಮನೆಮಠ ಕಳೆದುಕೊಂಡ ನಿರಾಶ್ರಿತರು ಈ ಭಾಗಕ್ಕೆ ಬಂದಿದ್ದರು. ದೂರುದಾರ ಹುಡುಗಿಯರಲ್ಲಿ ಕೆಲವರು ಆ ದಾಳಿಗಳಲ್ಲಿ ಹೆತ್ತವರನ್ನು ಕಳೆದುಕೊಂಡವರು. ಜೊತೆಗೆ ವಸಾಹತಿನ ಹಳೆಯ ಸನ್ನದು 1684ರಲ್ಲೇ ರದ್ದಾಗಿ ಆಡಳಿತವೂ ಅತಂತ್ರವಾಗಿತ್ತು.

ಹಾಳಾದ ರೈ ಧಾನ್ಯದಲ್ಲಿನ ಎರ್ಗಟ್ ಎಂಬ ಶಿಲೀಂಧ್ರದ ವಿಷದಿಂದ ಭ್ರಮೆಯುಂಟಾಗಿರಬಹುದು ಎಂಬ ವಾದವನ್ನು 1976ರಲ್ಲಿ ಸಂಶೋಧಕಿಯೊಬ್ಬರು ಮುಂದಿಟ್ಟರು. ಅದೇ ವರ್ಷ ಬೇರೆ ವಿಜ್ಞಾನಿಗಳು, ದಾಖಲಾದ ಲಕ್ಷಣಗಳು ಆ ವಿಷಕ್ಕೆ ಹೊಂದುವುದಿಲ್ಲವೆಂದು ತೋರಿಸಿದರು. ಆದರೂ ಈ ವಾದ ಇಂದಿಗೂ ಜನಪ್ರಿಯ. ತಪ್ಪನ್ನು ಧಾನ್ಯದ ಮೇಲೆ ಹಾಕಿಬಿಟ್ಟರೆ ನ್ಯಾಯಾಧೀಶರು, ಪಾದ್ರಿಗಳು, ನೆರೆಹೊರೆಯವರು ಯಾರೂ ಉತ್ತರ ಹೇಳಬೇಕಾಗಿಲ್ಲ.

ಮಕ್ಕಳಲ್ಲಿ ಬೇರೂರಿದ ಇನ್ನೊಂದು ತಪ್ಪು ಕಲ್ಪನೆಯನ್ನೂ ಮ್ಯೂಸಿಯಂಗಳು ತಿದ್ದಬೇಕಾಗುತ್ತದೆ. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಸುಡುವ ಶಿಕ್ಷೆ ಇದ್ದದ್ದು ಯುರೋಪಿನ ಹಲವು ದೇಶಗಳಲ್ಲಿ. ಅಲ್ಲಿ ಹದಿನೈದನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಮಾಟದ ಆರೋಪದ ಮೇಲೆ 40 ಸಾವಿರದಿಂದ 60 ಸಾವಿರ ಮಂದಿ ಮರಣದಂಡನೆಗೆ ಗುರಿಯಾದರೆಂದು ಅಂದಾಜು. ಎಲ್ಲರೂ ಹೆಂಗಸರೆಂಬುದೂ ಸರಿಯಲ್ಲ. ಸೇಲಂನಲ್ಲಿ ಗಲ್ಲಿಗೇರಿದ 19 ಮಂದಿಯಲ್ಲಿ ಐವರು ಗಂಡಸರು. ಅವರಲ್ಲಿ ಒಬ್ಬ ಜಾರ್ಜ್ ಬರೋಸ್, ಇದೇ ಗ್ರಾಮದ ಮಾಜಿ ಪಾದ್ರಿ.

ಭೀತಿ + ಪ್ರಚೋದನೆ = ಹರಕೆಯ ಕುರಿ

ವಿಚ್ ಮ್ಯೂಸಿಯಂನ ಎರಡನೆಯ ವಿಭಾಗದಲ್ಲಿ ಬೊಂಬೆಗಳಿಗಿಂತ ಹೆಚ್ಚು ಚರ್ಚೆಗೆ ಎಡೆಗೊಡುವುದು ಗೋಡೆಯ ಮೇಲಿನ ಒಂದು ಸಮೀಕರಣ. ಗಣಿತದ ಪಾಠದಂತೆ ಸರಳವಾಗಿರುವ ಅದರ ತಾತ್ಪರ್ಯ ಇಷ್ಟು: ಜನರಲ್ಲಿ ಭೀತಿಯಿರುತ್ತದೆ, ಒಂದು ಘಟನೆ ಅದನ್ನು ಕೆಣಕುತ್ತದೆ, ಆಗ ಯಾರಾದರೊಬ್ಬರು ಹರಕೆಯ ಕುರಿಯಾಗುತ್ತಾರೆ.

1692ರಲ್ಲಿ ಭೀತಿ ಸೈತಾನನದು, ಪ್ರಚೋದನೆ ಮಕ್ಕಳ ನರಳಾಟ, ಬಲಿಯಾದವರು ನಿರಪರಾಧಿಗಳು. ಅದೇ ಸಮೀಕರಣದಲ್ಲಿ ಬೇರೆ ಉದಾಹರಣೆಗಳನ್ನು ಇಟ್ಟು ನೋಡಲು ಮಕ್ಕಳಿಗೆ ಹೇಳಲಾಗುತ್ತದೆ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ನಂತರ ಸುಮಾರು 1,20,000 ಜಪಾನಿ ಮೂಲದವರನ್ನು ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1950ರ ದಶಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿಯ ಕಾಲದಲ್ಲಿ ಕಮ್ಯುನಿಸ್ಟರೆಂಬ ಶಂಕೆಯಿಂದ ಅನೇಕರು ಉದ್ಯೋಗ ಕಳೆದುಕೊಂಡರು. ಆಗಲೂ ಪಾರಾಗುವ ದಾರಿಯೆಂದರೆ ಬೇರೆಯವರ ಹೆಸರು ಹೇಳುವುದೇ ಆಗಿತ್ತು. ಈ ಹೋಲಿಕೆಯನ್ನು ಕಂಡೇ ಆರ್ಥರ್ ಮಿಲ್ಲರ್ 1953ರಲ್ಲಿ ಸೇಲಂ ಪ್ರಕರಣವನ್ನು ಆಧರಿಸಿ 'ದಿ ಕ್ರೂಸಿಬಲ್' ನಾಟಕವನ್ನು ರಂಗಕ್ಕೆ ತಂದರು. ಅಮೆರಿಕದ ಪ್ರೌಢಶಾಲೆಗಳಲ್ಲಿ ವ್ಯಾಪಕವಾಗಿ ಓದಿಸಲಾಗುವ ಈ ನಾಟಕದಲ್ಲಿ ಅಬಿಗೇಲಳ ವಯಸ್ಸನ್ನು 17ಕ್ಕೆ ಏರಿಸಲಾಗಿದೆ. ಅವಳಿಗೂ ಜಾನ್ ಪ್ರಾಕ್ಟರ್‌ಗೂ ಪ್ರಣಯ ಸಂಬಂಧ ಕಲ್ಪಿಸಲಾಗಿದೆ. ಆದಕಾರಣ ನಾಟಕ ಯಾವುದು, ದಾಖಲೆ ಯಾವುದು ಎಂದು ಬೇರ್ಪಡಿಸುವುದೂ ಭೇಟಿಯ ಪಾಠಗಳಲ್ಲೊಂದು.

ಟೋಪಿಯ ಅಂಗಡಿ, ಕಲ್ಲಿನ ಬೆಂಚು

ಸೇಲಂ ತನ್ನ ಇತಿಹಾಸವನ್ನು ನೆನೆಯುವುದಷ್ಟೇ ಅಲ್ಲ, ಮಾರುತ್ತಲೂ ಇದೆ. ಪೊಲೀಸರ ಲಾಂಛನದಲ್ಲಿ ಕಸಬರಿಕೆಯೇರಿದ ಮಾಟಗಾತಿಯ ಚಿತ್ರವಿದೆ. ಪ್ರೌಢಶಾಲೆಯ ಕ್ರೀಡಾತಂಡಕ್ಕೆ 'ವಿಚಸ್' ಎಂಬ ಹೆಸರಿದೆ. ಸುಮಾರು 44 ಸಾವಿರ ಜನಸಂಖ್ಯೆಯ ಈ ಊರಿಗೆ 2022 ಹಾಗೂ 2023ರ ಅಕ್ಟೋಬರ್ ತಿಂಗಳಲ್ಲಿ ತಲಾ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹ್ಯಾಲೋವೀನ್ ಸಂಭ್ರಮಕ್ಕೆಂದು ಬಂದರು. 'ಬಿವಿಚ್ಡ್' ಎಂಬ ಹಾಸ್ಯ ಧಾರಾವಾಹಿಯ ನಾಯಕಿ ಕಸಬರಿಕೆಯ ಮೇಲೆ ಕುಳಿತಿರುವ ಪ್ರತಿಮೆಯನ್ನು 2005ರಲ್ಲಿ ನಿಲ್ಲಿಸಿದಾಗ ಊರಿನವರಲ್ಲೇ ಅನೇಕರು ವಿರೋಧಿಸಿದರು. ನಿರಪರಾಧಿಗಳನ್ನು ಕೊಂದ ಊರಿನಲ್ಲಿ ಇದು ಅಣಕ ಎಂಬುದು ಅವರ ಆಕ್ಷೇಪ. ಪ್ರವಾಸೋದ್ಯಮವೇ ಊರಿನ ಅನ್ನ ಎಂಬುದು ಇನ್ನೊಂದು ಕಡೆಯವರ ಉತ್ತರ.

ಈ ಗದ್ದಲದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಮೌನದ ಒಂದು ತಾಣವಿದೆ. ಘಟನೆಯ 300ನೆಯ ವರ್ಷದ ನೆನಪಿಗೆ 1992ರ ಆಗಸ್ಟ್‌ನಲ್ಲಿ ನಿರ್ಮಿಸಿದ ಸ್ಮಾರಕವನ್ನು ನೊಬೆಲ್ ಶಾಂತಿ ಪ್ರಶಸ್ತಿ ಪುರಸ್ಕೃತ ಎಲೀ ವೀಸೆಲ್ ಸಮರ್ಪಿಸಿದರು. ತಗ್ಗಿನ ಕಲ್ಲುಗೋಡೆಯಿಂದ ಚಾಚಿಕೊಂಡಿರುವ 20 ಕಲ್ಲುಬೆಂಚುಗಳ ಮೇಲೆ ಒಬ್ಬೊಬ್ಬರ ಹೆಸರು, ಸಾವಿನ ದಿನ, ಸತ್ತ ಬಗೆಯನ್ನು ಕೆತ್ತಲಾಗಿದೆ. ಪ್ರವೇಶದ ಹೊಸ್ತಿಲಿನ ಕಲ್ಲುಗಳಲ್ಲಿ ಆರೋಪಿಗಳು ತಾವು ನಿರಪರಾಧಿಗಳೆಂದು ಮೊರೆಯಿಟ್ಟ ಮಾತುಗಳಿವೆ. ಆ ವಾಕ್ಯಗಳು ಗೋಡೆಯ ಅಡಿಗೆ ಸೇರಿ ಅರ್ಧಕ್ಕೇ ತುಂಡಾಗುತ್ತವೆ. ಪಕ್ಕದಲ್ಲೇ ಹಳೆಯ ಸ್ಮಶಾನ. ವಿಚಾರಣೆ ನಡೆಸಿದ ನ್ಯಾಯಾಧೀಶ ಜಾನ್ ಹಾಥೋರ್ನ್‌ನ ಸಮಾಧಿ ಅಲ್ಲಿದೆ. ಅವನಿಂದ ಸಾವಿನ ಹಾದಿ ಹಿಡಿದವರಿಗೆ ಸಮಾಧಿಯೇ ಸಿಗಲಿಲ್ಲ. ಅವನ ವಂಶದಲ್ಲಿ ಹುಟ್ಟಿದ ಪ್ರಸಿದ್ಧ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್‌ಗೆ ಈ ಪೂರ್ವಜನ ನೆನಪು ಬಾಳಿನುದ್ದಕ್ಕೂ ಕಾಡಿತು.

ಗಲ್ಲಿನ ಜಾಗ ಯಾವುದೆಂಬುದೂ ಬಹುಕಾಲ ಮರೆತುಹೋಗಿತ್ತು. ಸಂಶೋಧಕರ ತಂಡವೊಂದು ಹಳೆಯ ಸಾಕ್ಷಿ ಹೇಳಿಕೆ ಹಾಗೂ ನಕ್ಷೆಗಳ ನೆರವಿನಿಂದ ಪ್ರಾಕ್ಟರ್ಸ್ ಲೆಡ್ಜ್ ಎಂಬ ಬಂಡೆಗಲ್ಲಿನ ದಿಬ್ಬವೇ ಆ ಸ್ಥಳವೆಂದು 2016ರಲ್ಲಿ ದೃಢಪಡಿಸಿತು. ರೆಬೆಕಾ ನರ್ಸ್ ಮೊದಲಾದ ಐವರು ಗಲ್ಲಿಗೇರಿ 325 ವರ್ಷ ತುಂಬಿದ 2017ರ ಜುಲೈ 19ರಂದು ಅಲ್ಲಿಯೂ ಸ್ಮಾರಕ ತಲೆಯೆತ್ತಿತು. ವಸತಿ ಬಡಾವಣೆಯ ನಡುವಿನ ಈ ಜಾಗದಲ್ಲಿ ಅಂಗಡಿಗಳಿಲ್ಲ, ಟಿಕೆಟ್ಟಿಲ್ಲ.

ಮೂಲ ದಾಖಲೆಗಳ ಪೈಕಿ 527ನ್ನು ಊರಿನ ಪೀಬಡಿ ಎಸೆಕ್ಸ್ ಮ್ಯೂಸಿಯಂ ದಶಕಗಳ ಕಾಲ ಕಾಪಾಡಿಕೊಂಡು ಬಂದು, 2023ರಲ್ಲಿ ರಾಜ್ಯದ ನ್ಯಾಯಾಂಗ ಪತ್ರಾಗಾರಕ್ಕೆ ಮರಳಿಸಿತು. ಬಂಧನದ ಆದೇಶ, ಸಾಕ್ಷಿಗಳ ಹೇಳಿಕೆ, ಅರ್ಜಿಗಳ ಪ್ರತಿಗಳು ಅಂತರಜಾಲದಲ್ಲೂ ಲಭ್ಯವಿವೆ. ಹಾಗಾಗಿ ಭೇಟಿ ಮುಗಿಸಿ ತರಗತಿಗೆ ಮರಳುವ ಮಕ್ಕಳು ಬೊಂಬೆಗಳನ್ನು ಮರೆತು ಆ ಕಾಗದಗಳನ್ನೇ ಓದಬಹುದು. ಹಾಗೆ ಓದಿದ ಒಂದು ಶಾಲೆಯ ಮಕ್ಕಳು ಇತಿಹಾಸವನ್ನೇ ತಿದ್ದಿಸಿದರು.

329 ವರ್ಷ ಕಾದ ಹೆಸರು

ಎಲಿಜಬೆತ್ ಜಾನ್ಸನ್ ಕಿರಿಯಳು 1692ರಲ್ಲಿ 22 ವರ್ಷದ ಅವಿವಾಹಿತೆ. ಊರು ಆಂಡೋವರ್. ಸೇಲಂಗಿಂತಲೂ ಈ ಊರಿನಲ್ಲೇ ಹೆಚ್ಚು ಮಂದಿ ಆರೋಪಕ್ಕೆ ಗುರಿಯಾಗಿದ್ದರು. ಅವಳ ತಾಯಿಯೂ ಸೇರಿದಂತೆ ಬಂಧುಬಳಗದ ಎರಡು ಡಜನ್‌ಗೂ ಹೆಚ್ಚು ಜನ ಆರೋಪಿಗಳಾಗಿದ್ದರು. ಅಷ್ಟೇನೂ ಚುರುಕುಬುದ್ಧಿಯವಳಲ್ಲ ಎಂದು ಪಾದ್ರಿಯಾಗಿದ್ದ ಅವಳ ಅಜ್ಜನೇ ಬರೆದಿಟ್ಟಿದ್ದಾನೆ. ಒತ್ತಡಕ್ಕೆ ಮಣಿದು ಅವಳು ತಪ್ಪೊಪ್ಪಿಕೊಂಡಳು. 1693ರ ಜನವರಿಯಲ್ಲಿ ಮರಣದಂಡನೆ ವಿಧಿಸಲಾಯಿತು. ಫಿಪ್ಸ್ ತಡೆದದ್ದರಿಂದ ಜೀವ ಉಳಿಯಿತು.

ಮುಂದೆ ಪಶ್ಚಾತ್ತಾಪದ ಕಾಲ ಬಂದಿತು. 1697ರಲ್ಲಿ ನ್ಯಾಯಾಧೀಶ ಸ್ಯಾಮುಯೆಲ್ ಸೀವಾಲ್ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತನ್ನ ತಪ್ಪನ್ನು ಓದಿಸಿದ. 1706ರಲ್ಲಿ ಆ್ಯನ್ ಪಟ್ನಮ್ ಕ್ಷಮೆ ಕೋರಿದಳು. 1711ರಲ್ಲಿ 22 ಮಂದಿಯ ಮೇಲಿನ ಶಿಕ್ಷೆಯನ್ನು ಅಳಿಸಿ, ಕುಟುಂಬಗಳಿಗೆ 578 ಪೌಂಡ್ 12 ಶಿಲಿಂಗ್ ಪರಿಹಾರ ನೀಡಲಾಯಿತು. ಆ ಪಟ್ಟಿಯಲ್ಲಿ ಎಲಿಜಬೆತ್ ಹೆಸರಿರಲಿಲ್ಲ. ಮರುವರ್ಷ ಅವಳೇ ಅರ್ಜಿ ಸಲ್ಲಿಸಿ ತನ್ನ ಹೆಸರನ್ನೂ ಸೇರಿಸಬೇಕೆಂದು ಕೇಳಿಕೊಂಡಳು. ಪ್ರಯೋಜನವಾಗಲಿಲ್ಲ. 1747ರಲ್ಲಿ, 77ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದಾಗಲೂ ಕಾನೂನಿನ ದೃಷ್ಟಿಯಲ್ಲಿ ಅವಳು ಶಿಕ್ಷಿತ ಮಾಟಗಾತಿಯೇ.

1957ರಲ್ಲಿ ರಾಜ್ಯ ಅಧಿಕೃತವಾಗಿ ವಿಷಾದ ವ್ಯಕ್ತಪಡಿಸಿತು. 2001ರಲ್ಲಿ ಉಳಿದಿದ್ದ ಐವರ ಹೆಸರುಗಳನ್ನೂ ಸೇರಿಸಿತು. ಎಲಿಜಬೆತ್ ಆಗಲೂ ಬಿಟ್ಟುಹೋದಳು. ಗಲ್ಲಿಗೇರಿದವರ ಪರವಾಗಿ ಅವರ ವಂಶಸ್ಥರು ಹೋರಾಡಿದ್ದರು. ಮಕ್ಕಳಿಲ್ಲದ ಎಲಿಜಬೆತ್‌ಗೆ ಹಾಗೆ ಕೇಳುವವರು ಇರಲಿಲ್ಲ. 1692ರಲ್ಲಿ ಕೇಳುವವರಿಲ್ಲದವರೇ ಮೊದಲು ಆರೋಪಿಗಳಾದರು. ಕೇಳುವವರಿಲ್ಲದವಳೇ ಕೊನೆಯವರೆಗೆ ಆರೋಪಿಯಾಗಿ ಉಳಿದಳು.

ಆ ಕೇಳುವವರಾಗಿ ಬಂದವರು ನಾರ್ತ್ ಆಂಡೋವರ್ ಮಿಡ್ಲ್ ಸ್ಕೂಲ್‌ನ ಎಂಟನೆಯ ತರಗತಿಯ ವಿದ್ಯಾರ್ಥಿಗಳು. ಮಕ್ಕಳೇ ಮುಂದೆ ನಿಂತು ಕೈಗೊಳ್ಳುವ ಪೌರನೀತಿ ಯೋಜನೆಗಳಿಗೆ ಅವಕಾಶ ನೀಡಬೇಕೆಂದು ಮ್ಯಾಸಚೂಸೆಟ್ಸ್ ರಾಜ್ಯ 2018ರಲ್ಲಿ ಕಾನೂನು ಮಾಡಿತ್ತು. ಶಿಕ್ಷಕಿಯೊಬ್ಬರ ಮಾರ್ಗದರ್ಶನದಲ್ಲಿ ಮಕ್ಕಳು ಹಳೆಯ ದಾಖಲೆಗಳನ್ನು ಓದಿದರು, ದೋಷಮುಕ್ತಿಗೆ ಶಾಸನದಲ್ಲಿ ಯಾವ ದಾರಿಯಿದೆ ಎಂದು ಹುಡುಕಿದರು, ಜನಪ್ರತಿನಿಧಿಗಳಿಗೆ ಪತ್ರಗಳನ್ನು ಬರೆದರು. ರಾಜ್ಯ ಸೆನೆಟರ್ ಡಯಾನಾ ಡಿಜೋಗ್ಲಿಯೊ 2021ರಲ್ಲಿ ಮಸೂದೆ ಮಂಡಿಸಿದರು. ಒಂದು ತಂಡ ಮೇಲಿನ ತರಗತಿಗೆ ಹೋದಂತೆ ಮುಂದಿನ ತಂಡ ಕೆಲಸವನ್ನು ಕೈಗೆತ್ತಿಕೊಂಡಿತು. ಕೊನೆಗೆ ಬಜೆಟ್ ಮಸೂದೆಗೆ ತಿದ್ದುಪಡಿಯಾಗಿ ಸೇರಿದ ಆ ಪ್ರಸ್ತಾವಕ್ಕೆ 2022ರ ಜುಲೈನಲ್ಲಿ ರಾಜ್ಯಪಾಲ ಚಾರ್ಲಿ ಬೇಕರ್ ಸಹಿ ಹಾಕಿದರು. ಮರಣದಂಡನೆ ವಿಧಿಸಿ 329 ವರ್ಷಗಳ ಬಳಿಕ ಎಲಿಜಬೆತ್ ದೋಷಮುಕ್ತಳಾದಳು.

ಇತಿಹಾಸವಾಗದ ಇತಿಹಾಸ

ಹೀಗೆ ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳುವ ಪ್ರವೃತ್ತಿ ಇತರೆಡೆಗಳಲ್ಲೂ ಕಾಣುತ್ತಿದೆ. 2022ರ ಮಾರ್ಚ್ 8ರಂದು ಸ್ಕಾಟ್ಲೆಂಡಿನ ಅಂದಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಅಲ್ಲಿನ ಮಾಟಗಾತಿ ಬೇಟೆಗೆ ಬಲಿಯಾದವರ ಕ್ಷಮೆ ಯಾಚಿಸಿದರು. 2023ರ ಮೇ ತಿಂಗಳಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ಹದಿನೇಳನೆಯ ಶತಮಾನದ 12 ಮಂದಿಯನ್ನು ನಿರ್ದೋಷಿಗಳೆಂದು ಸಾರಿತು.

ಭಾರತದಲ್ಲಿ ಈ ವಿಷಯ ಇನ್ನೂ ಮ್ಯೂಸಿಯಂ ಸೇರಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿಯಂತೆ ಮಾಟದ ಕಾರಣಕ್ಕೆ ನಡೆದ ಕೊಲೆಗಳು 2021ರಲ್ಲಿ 68, 2022ರಲ್ಲಿ 85. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಛತ್ತೀಸಗಢ 2005ರಲ್ಲಿ ಇದರ ವಿರುದ್ಧ ಕಾನೂನು ತಂದವು. ಒಡಿಶಾ, ರಾಜಸ್ಥಾನ, ಅಸ್ಸಾಂ ನಂತರ ಆ ದಾರಿ ಹಿಡಿದವು. ಮಾಟಗಾತಿಯೆಂಬ ಹಣೆಪಟ್ಟಿ ಹೊತ್ತು ಊರಿನವರ ಹಿಂಸೆಗೆ ಗುರಿಯಾಗಿಯೂ ಅಂಥ ಮಹಿಳೆಯರ ರಕ್ಷಣೆಗೆ ನಿಂತ ಜಾರ್ಖಂಡಿನ ಛುಟ್ನಿ ಮಹತೋ, ಅಸ್ಸಾಮಿನ ಬೀರುಬಾಲಾ ರಾಭಾ ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಸಂದಿತು. ಬೀರುಬಾಲಾ 2024ರಲ್ಲಿ ನಿಧನರಾದರು.

ಕರ್ನಾಟಕದಲ್ಲಿಯೂ ಬಾನಾಮತಿ, ಮಾಟ-ಮಂತ್ರದ ಭಯ ಅಪರಿಚಿತವಲ್ಲ. ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ತಡೆಯುವ ಕಾಯ್ದೆಯನ್ನು ರಾಜ್ಯ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿತು. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಾನೂನು ಕೃತ್ಯವನ್ನು ಶಿಕ್ಷಿಸಬಲ್ಲದು. ದನ ಸತ್ತಾಗ, ಮಗು ಜ್ವರದಿಂದ ನರಳಿದಾಗ, ಪಕ್ಕದ ಮನೆಯ ಒಂಟಿ ಹೆಂಗಸಿನತ್ತ ತಿರುಗುವ ಕಣ್ಣನ್ನು ತಡೆಯುವ ಕೆಲಸ ಶಾಲೆಯಿಂದಲೇ ಆಗಬೇಕು.

ಸೇಲಂನ ಕಲ್ಲುಬೆಂಚುಗಳ ಮೇಲೆ ಮಕ್ಕಳು ಹೂವಿಟ್ಟು ಹೋಗುವುದುಂಟು. 1692ರಲ್ಲಿ ಮಕ್ಕಳ ಮಾತು ಕೇಳಿ ಹಿರಿಯರು ನಿರಪರಾಧಿಗಳನ್ನು ಗಲ್ಲಿಗೇರಿಸಿದರು. 2022ರಲ್ಲಿ ಮಕ್ಕಳ ಮಾತು ಕೇಳಿ ಹಿರಿಯರು ಒಬ್ಬ ನಿರಪರಾಧಿಯ ಹೆಸರನ್ನು ಬಿಡಿಸಿದರು. ಎರಡನೆಯ ಸಲ ಮಕ್ಕಳ ಕೈಯಲ್ಲಿ ದಾಖಲೆಗಳಿದ್ದವು.

ಪ್ರಮುಖ ಘಟ್ಟಗಳು

1692 ಮಾರ್ಚ್ 1: ಮೊದಲ ಮೂವರು ಆರೋಪಿಗಳ ವಿಚಾರಣೆ ಆರಂಭ
1692 ಜೂನ್ 10: ಬ್ರಿಜೆಟ್ ಬಿಷಪ್‌ಗೆ ಗಲ್ಲು, ಇದೇ ಮೊದಲನೆಯದು
1692 ಸೆಪ್ಟೆಂಬರ್ 22: ಎಂಟು ಮಂದಿಗೆ ಗಲ್ಲು, ಇದೇ ಕೊನೆಯದು
1692 ಅಕ್ಟೋಬರ್: ವಿಶೇಷ ನ್ಯಾಯಾಲಯದ ವಿಸರ್ಜನೆ
1693 ಮೇ: ಸೆರೆಯಲ್ಲಿ ಉಳಿದಿದ್ದವರಿಗೆ ಕ್ಷಮಾದಾನ
1711: 22 ಮಂದಿಯ ದೋಷಮುಕ್ತಿ, ಪರಿಹಾರ
1957: ಮ್ಯಾಸಚೂಸೆಟ್ಸ್ ರಾಜ್ಯದ ವಿಷಾದ
1992: ಸೇಲಂನಲ್ಲಿ ಸ್ಮಾರಕ
2001: ಇನ್ನೂ ಐವರ ದೋಷಮುಕ್ತಿ
2017: ಗಲ್ಲಿನ ಸ್ಥಳದಲ್ಲಿ ಸ್ಮಾರಕ
2022: ಎಲಿಜಬೆತ್ ಜಾನ್ಸನ್ ದೋಷಮುಕ್ತಿ